‘ಎಷ್ಟು ದಿನ ಆಗುತ್ತೆ ಮೇಡಂ?’: ಸಿವಿಲ್ ಕೋರ್ಟಿನ 27 ವರ್ಷ

ಹಳೇ ಫೈಲು (ಚರ್ಚೆ ಶುರು ಮಾಡಿದವರು)

ನಾನು 1998ರಲ್ಲಿ ವಕೀಲಿಕೆಯ ಸನ್ನದು ತೆಗೆದುಕೊಂಡೆ. ಅಂದಿನಿಂದ ಹಳೇ ಮೈಸೂರು ಕಡೆಯ ತಾಲ್ಲೂಕು, ಜಿಲ್ಲಾ ಕೋರ್ಟುಗಳಲ್ಲೇ ಕೆಲಸ. ಬರುವುದೆಲ್ಲ ಹೆಚ್ಚಾಗಿ ಜಮೀನು, ಪಾಲು, ದಾರಿ, ಬದು. ಈ 27 ವರ್ಷದಲ್ಲಿ ನನ್ನ ಎದುರು ಕೂತವರೆಲ್ಲ ಒಂದೇ ಪ್ರಶ್ನೆ ಕೇಳಿದ್ದಾರೆ. ಗೆಲ್ಲುತ್ತೀವಾ ಅನ್ನುವುದು ಆಮೇಲೆ ಬರುತ್ತದೆ. ಮೊದಲು ಬರುವುದು, ‘ಎಷ್ಟು ದಿನ ಆಗುತ್ತೆ ಮೇಡಂ?’

ಶುರುವಿನಲ್ಲಿ ನಾನು ‘ನೋಡೋಣಮ್ಮ, ಬೇಗ ಮುಗಿಸೋಣ’ ಅನ್ನುತ್ತಿದ್ದೆ. ನಮ್ಮ ಸೀನಿಯರ್ ಹಾಗೇ ಹೇಳುತ್ತಿದ್ದರು, ನಾನೂ ಕಲಿತೆ. ಬಂದವರ ಗಾಬರಿ ಸ್ವಲ್ಪ ಇಳಿಯಲಿ ಅನ್ನುವುದು ಬಿಟ್ಟರೆ ಬೇರೆ ಉದ್ದೇಶ ಇರಲಿಲ್ಲ. ಆದರೂ ಅದು ಸುಳ್ಳೇ. ಅದನ್ನು ಹೇಳುವುದನ್ನು ನಾನು ಯಾಕೆ ಬಿಟ್ಟೆ ಅನ್ನುವುದಕ್ಕೆ ಒಂದು ಫೈಲಿನ ಕಥೆ ಹೇಳುತ್ತೇನೆ.

2004ರಲ್ಲಿ ಇಬ್ಬರು ಅಕ್ಕತಂಗಿಯರು ಬಂದರು. ಅಪ್ಪ 1997ರಲ್ಲಿ ತೀರಿಕೊಂಡಿದ್ದರು, ಅಮ್ಮ ಅದಕ್ಕೂ ಮೊದಲೇ. ಇಬ್ಬರು ಅಣ್ಣಂದಿರು. 3 ಎಕರೆ ಪಿತ್ರಾರ್ಜಿತ ಜಮೀನು, ಅಂದರೆ 120 ಗುಂಟೆ. ಅಣ್ಣಂದಿರು ಖಾತೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡಿದ್ದರು. ಕೇಳಿದರೆ, ‘ಅಪ್ಪ ಇದ್ದಾಗಲೇ ಬಾಯಿಮಾತಲ್ಲಿ ಪಾಲಾಗಿದೆ, ನಿಮಗೆ ಮದುವೆ ಮಾಡಿ ಒಡವೆ ಹಾಕಿ ಕಳಿಸಿಲ್ವಾ’ ಅನ್ನುವ ಉತ್ತರ.

ನಾನು ಪಾಲಿನ ದಾವೆ ಹಾಕಿದೆ. ಆಗಿನ ಕಾನೂನು ಹೀಗಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂದಿತ್ತು. ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕು ಅಂದಿತ್ತು, ಆದರೆ ಅಷ್ಟೊತ್ತಿಗೆ ಮದುವೆ ಆಗಿದ್ದವರನ್ನು ಹೊರಗಿಟ್ಟಿತ್ತು. ಇವರಿಬ್ಬರ ಮದುವೆ ಎಂಬತ್ತರ ದಶಕದಲ್ಲೇ ಆಗಿತ್ತು. ಹಾಗಾಗಿ ಲೆಕ್ಕ ಹೀಗೆ: ಮೊದಲು ಅಪ್ಪನಿಗೂ ಇಬ್ಬರು ಗಂಡುಮಕ್ಕಳಿಗೂ ಮೂರು ಪಾಲು. ಅಪ್ಪನ ಆ ಒಂದು ಪಾಲು ನಾಲ್ಕೂ ಮಕ್ಕಳಿಗೆ ಸಮ. ಅಂದರೆ ಒಬ್ಬೊಬ್ಬಳಿಗೆ ಹನ್ನೆರಡರಲ್ಲಿ ಒಂದು ಭಾಗ, 10 ಗುಂಟೆ.

ದಾವೆ ನಡೆಯುತ್ತಿರುವಾಗಲೇ 2005ರ ಸೆಪ್ಟೆಂಬರ್ 9ರಂದು ಕೇಂದ್ರದ ತಿದ್ದುಪಡಿ ಬಂತು. ಮಗಳೂ ಮಗನಷ್ಟೇ ಸಮಾನ, ಮದುವೆ ಆಗಿರಲಿ ಬಿಡಲಿ. ಸಮಪಾಲು ಕೊಡಿ ಎಂದು ವಾದಿಸಿದೆ. 1997ರಲ್ಲೇ ಉತ್ತರಾಧಿಕಾರ ತೆರೆದುಕೊಂಡಿದೆ, ಹೊಸ ಕಾನೂನು ಇವರಿಗೆ ಸಲ್ಲದು ಎಂದು 2010ರಲ್ಲಿ ತೀರ್ಪಾಯಿತು. ತಲಾ 10 ಗುಂಟೆ. ಅಪೀಲು ಹಾಕಿದೆವು. ಅದು ಬಾಕಿ ಇರುವಾಗ 2015ರಲ್ಲಿ ಪ್ರಕಾಶ್ ಮತ್ತು ಫೂಲವತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, 2005ರ ಆ ದಿನ ಅಪ್ಪನೂ ಬದುಕಿರಬೇಕು ಅಂದಿತು. ನಮ್ಮ ಅಪೀಲು ವಜಾ ಆಯಿತು. ಹೈಕೋರ್ಟಿಗೆ ಎರಡನೇ ಅಪೀಲು. 2018ರಲ್ಲಿ ಅಕ್ಕ ತೀರಿಕೊಂಡರು. 90 ದಿನದೊಳಗೆ ಅವರ ವಾರಸುದಾರರನ್ನು ದಾಖಲೆಗೆ ತರಬೇಕು. ಸಾವಿನ ಮನೆಗೆ ಹೋಗಿ ಮರಣ ಪ್ರಮಾಣಪತ್ರ ಮಾಡಿಸಿ ಅಂತ ಕೇಳಿದ್ದು ನಾನೇ.

2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ತೀರ್ಪು ಬಂತು. ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, 2005ರಲ್ಲಿ ಅಪ್ಪ ಬದುಕಿರಬೇಕಾಗಿಲ್ಲ. ಬಾಯಿಮಾತಿನ ಪಾಲನ್ನೂ ಸುಲಭಕ್ಕೆ ಒಪ್ಪಬೇಡಿ ಅಂದಿತು. ಮಾರನೇ ವರ್ಷ ನಮ್ಮ ಅಪೀಲೂ ಗೆದ್ದಿತು. ತಲಾ ನಾಲ್ಕರಲ್ಲಿ ಒಂದು ಭಾಗ. 10 ಗುಂಟೆ ಇದ್ದದ್ದು 30 ಗುಂಟೆ ಆಯಿತು. ಅದೇ ಜಮೀನು, ಅದೇ ಮಕ್ಕಳು, ಅದೇ ದಾಖಲೆ.

ಅಲ್ಲಿಗೂ ಮುಗಿಯಲಿಲ್ಲ. ಅದು ಪ್ರಾಥಮಿಕ ಡಿಕ್ರಿ ಅಷ್ಟೇ, ಯಾರಿಗೆ ಎಷ್ಟು ಅಂತ ಹೇಳುತ್ತದೆ. ಯಾವ ಮೂಲೆ ಯಾರಿಗೆ ಅನ್ನುವುದಕ್ಕೆ ಅಂತಿಮ ಡಿಕ್ರಿ ಬೇಕು. ಕಮಿಷನರ್, ಸರ್ವೆ, ನಕ್ಷೆ, ಅದಕ್ಕೆ ಅಣ್ಣನ ಮಕ್ಕಳ ತಕರಾರು. ಹೋದ ತಿಂಗಳು ಅಮೀನರು (ಕೋರ್ಟಿನ ಆದೇಶ ಜಾರಿ ಮಾಡುವವರು) ಕಲ್ಲು ನೆಡಿಸಿ, ಮಹಜರು ಬರೆದು, ತಂಗಿಯ ಕೈಲಿ ಸಹಿ ಮಾಡಿಸಿಕೊಂಡರು. ದಾವೆ ಹಾಕಿದಾಗ ಆಕೆಗೆ 41. ಈಗ 62.

ಆ ದಿನ ಆಕೆ ಒಂದು ಇನ್ನೂರು ಪುಟದ ನೋಟ್‌ಬುಕ್ಕು ತಂದಿದ್ದರು. ಅಕ್ಕ ಬರೆದಿಟ್ಟದ್ದು. ನಾಲ್ಕನೇ ಕ್ಲಾಸಿನವರೆಗೆ ಓದಿದ್ದ ಹೆಂಗಸು, ದಪ್ಪ ದಪ್ಪ ಅಕ್ಷರ. ಎಡಗಡೆ ವಾಯಿದೆಯ ತಾರೀಕು. ಬಲಗಡೆ ಅವತ್ತು ಏನಾಯಿತು ಅಂತ ಒಂದೇ ಸಾಲು. ‘ಸಾಹೇಬ್ರು ರಜ.’ ‘ಎದ್ರು ವಕೀಲ್ರು ಬರ್ಲಿಲ್ಲ.’ ‘ಟೇಮ್ ಸಾಲ್ಲಿಲ್ಲ.’ ‘ವಕೀಲ್ರೆಲ್ಲ ಕೋರ್ಟಿಗೆ ಹೋಗ್ಲಿಲ್ಲ.’ 2018ರಿಂದ ಆಚೆ ಅಕ್ಷರ ಬದಲಾಗಿದೆ, ಮೊಮ್ಮಗಳದು. ಒಂಬತ್ತು ಕಡೆ ‘ನಮ್ಮ ಮೇಡಂ ಟೇಮ್ ಕೇಳುದ್ರು’ ಅಂತ ಇದೆ.

ಆ ಒಂಬತ್ತರಲ್ಲಿ ಎರಡಕ್ಕೆ ನನಗೆ ಕಾರಣ ನೆನಪಿದೆ. ಉಳಿದ ಏಳು ನೆನಪೇ ಇಲ್ಲ. ನನಗೆ ಅದು ಡೈರಿಯ ಒಂದು ಸಾಲನ್ನು ಮುಂದಿನ ತಿಂಗಳಿಗೆ ಹಾಕುವ ಕೆಲಸ. ಅವರಿಗೆ ಅದು ಬೆಳಗಿನ ಮೊದಲ ಬಸ್ಸು, ಒಂದು ದಿನದ ಕೂಲಿ, ದನಕ್ಕೆ ಮೇವು ಹಾಕಲು ಪಕ್ಕದ ಮನೆಯವರನ್ನು ಬೇಡುವುದು. ಸಂಜೆ ಬರಿಗೈಲಿ ಊರಿಗೆ ಹೋದಾಗ ಅಣ್ಣಂದಿರ ಮನೆ ಮುಂದೆಯೇ ನಡೆದು ಹೋಗಬೇಕು.

ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೇ ಆದೇಶದಲ್ಲಿ, ವಿಚಾರಣೆ ಹೊತ್ತಿನಲ್ಲಿ ಒಂದು ಕಡೆಯವರಿಗೆ ಮೂರಕ್ಕಿಂತ ಜಾಸ್ತಿ ವಾಯಿದೆ ಕೊಡಬಾರದು ಅಂತಲೇ ಇದೆ. 2002ರಿಂದ ಇದೆ. ನಾವೆಲ್ಲರೂ ಅದನ್ನು ಪರೀಕ್ಷೆಗೆ ಓದಿದವರೇ.

ಈಗ ಯಾರಾದರೂ ‘ಎಷ್ಟು ದಿನ’ ಅಂದರೆ ನಾನು ಪೇಪರು ತೆಗೆದು ಬರೆದು ತೋರಿಸುತ್ತೇನೆ. ಸಮನ್ಸಿಗೆ ಇಷ್ಟು, ತಕರಾರಿಗೆ ಇಷ್ಟು, ಸಾಕ್ಷಿಗೆ ಇಷ್ಟು, ಅಪೀಲು ಹೋದರೆ ಇಷ್ಟು. ನೋಡಿ ಕೆಲವರು ಎದ್ದು ಹೋಗುತ್ತಾರೆ. ಕೆಲವರು ಹೋಗಿ ಅಣ್ಣನ ಜೊತೆ ಮಾತಾಡಿ ರಾಜಿ ಮಾಡಿಕೊಂಡು ಬರುತ್ತಾರೆ. ಕೇಸು ಕೈತಪ್ಪಿತು ಅಂತ ನನಗೆ ಬೇಜಾರಿಲ್ಲ.

ಬೇರೆ ವಕೀಲರು, ಕೋರ್ಟಿಗೆ ಅಲೆದವರು, ಓದುತ್ತಿರುವವರು ನಿಮ್ಮ ಅನುಭವ ಹೇಳಿ.

ಕಬ್ಬಿನಗದ್ದೆ

ಮೇಡಂ, ಓದಿ ಹೊಟ್ಟೆ ಉರಿದುಹೋಯಿತು. ನಮ್ಮಪ್ಪನದೂ ಒಂದು ಕೇಸಿದೆ. ಪಕ್ಕದ ಜಮೀನಿನವರು ಬದು ಒತ್ತಿಕೊಂಡು ಬಂದು, ಈಗ ಅರ್ಧ ಎಕರೆ ತಮ್ಮದೇ ಅನ್ನುತ್ತಾರೆ. ಹಕ್ಕು ಘೋಷಣೆ ಕೇಳಿ ದಾವೆ ಹಾಕಿ ಏಳು ವರ್ಷ ಆಯಿತು. ಅಪ್ಪನಿಗೆ ಮಂಡಿ ನೋವು, ಮೊದಲಿನಂತೆ ಓಡಾಡಲು ಆಗಲ್ಲ. ವಕೀಲರಿಗೆ ಫೋನ್ ಮಾಡಿದರೆ ‘ವಾಯಿದೆ ಆಗಿದೆ, ನೀವು ಬರುವುದು ಬೇಡ, ನಾನೇ ಹೇಳ್ತೀನಿ’ ಅಂತಾರೆ. ಒಂದು ವರ್ಷದಿಂದ ಅದೇ ಮಾತು. ಎರಡು ತಿಂಗಳಿಂದ ಫೋನೂ ಎತ್ತುತ್ತಿಲ್ಲ. ನಾನು ಬೆಂಗಳೂರಲ್ಲಿ ಕೆಲಸದಲ್ಲಿದ್ದೇನೆ. ಕೇಸು ಎಲ್ಲಿದೆ ಅಂತ ತಿಳಿದುಕೊಳ್ಳುವುದು ಹೇಗೆ?

ಹಳೇ ಫೈಲು

ಮೊದಲು ಇವತ್ತೇ ಒಂದು ಕೆಲಸ ಮಾಡಿ. ಇ-ಕೋರ್ಟ್ಸ್ ಸರ್ವಿಸಸ್ ಅಂತ ಸರ್ಕಾರದ್ದೇ ಆಪ್ ಇದೆ, ದುಡ್ಡು ಕೊಡಬೇಕಾಗಿಲ್ಲ. ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಅದು ಗೊತ್ತಿಲ್ಲದಿದ್ದರೆ ಜಿಲ್ಲೆ, ಕೋರ್ಟು ಆರಿಸಿ ಅಪ್ಪನ ಹೆಸರು, ದಾವೆಯ ವರ್ಷ ಹಾಕಿದರೂ ಸಿಗುತ್ತದೆ. ಪ್ರತಿ ವಾಯಿದೆಯಲ್ಲಿ ಏನಾಯಿತು, ಮುಂದಿನದು ಯಾವಾಗ, ಯಾವ ಹಂತ ಎಲ್ಲವೂ ಕಾಣುತ್ತದೆ.

ಎರಡನೆಯದು. ವಕೀಲರನ್ನು ಬದಲಾಯಿಸುವುದು ನಿಮ್ಮ ಹಕ್ಕು. ಹಳೇ ವಕೀಲರಿಂದ ಒಪ್ಪಿಗೆ ಬರೆಸಿಕೊಳ್ಳುವುದು ರೂಢಿ. ಅವರು ಕೊಡದಿದ್ದರೆ ಕೋರ್ಟಿನ ಅನುಮತಿ ಕೇಳಿ ಹೊಸಬರು ವಕಾಲತ್ತು ಹಾಕಬಹುದು. ಫೀಸು ಬಾಕಿ ಇದೆ ಅಂತ ಫೈಲು ಹಿಡಿದಿಟ್ಟುಕೊಳ್ಳುವ ಹಾಗಿಲ್ಲ. ಆರ್. ಡಿ. ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2000ದಲ್ಲೇ ಅದನ್ನು ಸ್ಪಷ್ಟವಾಗಿ ಹೇಳಿದೆ.

ಆ ವಕೀಲರ ಬಗ್ಗೆ ನಾನು ಏನೂ ಹೇಳುವುದಿಲ್ಲ, ಅವರ ಮನೆಯಲ್ಲಿ ಏನಾಗಿದೆಯೋ ಗೊತ್ತಿಲ್ಲ. ಆದರೆ ‘ನೀವು ಬರುವುದು ಬೇಡ’ ಅನ್ನುವ ಮಾತನ್ನು ಒಂದು ವರ್ಷ ನಂಬಬೇಡಿ. ನೋಡಿ ಇಲ್ಲೇ ಬರೆಯಿರಿ.

ಮೂರನೇ ವರ್ಷ

ನಾನು ಎಲ್‌ಎಲ್‌ಬಿ ಕೊನೆಯ ವರ್ಷ. ಕಾಲೇಜಲ್ಲಿ ಅಣಕು ನ್ಯಾಯಾಲಯ ಮಾಡಿಸುತ್ತಾರೆ, ಅಲ್ಲಿ ಭಾಷಣ ಚೆನ್ನಾಗಿ ಮಾಡಿದವರಿಗೆ ಬಹುಮಾನ. ಪಾಟೀಸವಾಲು, ಅಂದರೆ ಎದುರು ಕಡೆಯ ಸಾಕ್ಷಿಯನ್ನು ಪ್ರಶ್ನೆ ಕೇಳುವುದು, ಮಾತ್ರ ಯಾರೂ ಕಲಿಸುವುದಿಲ್ಲ. ಅದನ್ನು ಎಲ್ಲಿ ಕಲಿಯುವುದು ಸರ್/ಮೇಡಂ?

ಧಾರವಾಡ ಕಪ್ಪುಕೋಟು

ತಂಗಿ, ಕೋರ್ಟ್ ಹಾಲಿನ ಹಿಂದಿನ ಬೆಂಚಿನ ಮ್ಯಾಲೆ ಕೂತು ಕಲಿಬೇಕವ್ವ. ನಾನು ಮೊದಲ ಎರಡು ವರ್ಷ ಅದನ್ನೇ ಮಾಡಿದೆ. ಎಲ್ಲರೂ ಪ್ರಶ್ನೆ ಕೇಳುವುದನ್ನು ಕಲಿಯುತ್ತಾರೆ. ನೀನು ಉತ್ತರ ಕೇಳಿಸಿಕೊಳ್ಳುವುದನ್ನು ಕಲಿ.

ನಮ್ಮ ಕೋರ್ಟುಗಳಲ್ಲಿ ಸಾಕ್ಷಿ ಹೇಳಿದ್ದು ಹಾಗೇ ಕಾಗದಕ್ಕೆ ಹೋಗುವುದಿಲ್ಲ. ವಕೀಲನ ಪ್ರಶ್ನೆ, ಸಾಕ್ಷಿಯ ಉತ್ತರ ಎರಡೂ ಸೇರಿ ಒಂದು ವಾಕ್ಯ ಆಗುತ್ತದೆ. ‘ಸದರಿ ಜಮೀನು ನಮ್ಮ ತಂದೆಯ ಸ್ವಯಾರ್ಜಿತ ಎಂದರೆ ಸರಿಯಲ್ಲ.’ ‘ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ.’ ನ್ಯಾಯಾಧೀಶ ಸಾಹೇಬರು ಹೇಳುತ್ತಾರೆ, ಟೈಪು ಆಗುತ್ತದೆ. ನಮ್ಮ ಕಡೆ ರೈತ ‘ಇರಬೋದ್ರಿ’ ಅಂತಾನೆ. ಅದು ‘ಇರಬಹುದು’ ಅಂತಲೇ ಬರಬೇಕು. ಗಡಿಬಿಡಿಯಲ್ಲಿ ‘ಹೌದು’ ಆಗಿಬಿಟ್ಟರೆ ಹತ್ತು ವರ್ಷದ ಮೇಲೆ ಅಪೀಲಿನಲ್ಲಿ ಅದನ್ನು ‘ಸಾಕ್ಷಿಯೇ ಒಪ್ಪಿಕೊಂಡಿದ್ದಾನೆ’ ಅಂತ ಓದುತ್ತಾರೆ. ‘ನೆನಪಿಲ್ಲ’ ಬೇರೆ, ‘ಗೊತ್ತಿಲ್ಲ’ ಬೇರೆ. ಎರಡರ ನಡುವೆ ಒಂದು ಹೊಲ ಹೋಗಿದ್ದನ್ನು ನಾನು ನೋಡಿದ್ದೇನೆ.

ಒಂದು ಸಲ ನಮ್ಮದೇ ಸಾಕ್ಷಿ, ಎಪ್ಪತ್ತು ದಾಟಿದ ಅಜ್ಜ. ಎದುರಿನ ವಕೀಲರು ಕೇಳಿದರು, ‘ನಿಮ್ಮ ಹೊಲದ ಪೂರ್ವಕ್ಕೆ ಯಾರ ಹೊಲ?’ ಅಜ್ಜ ಗೊಂದಲಕ್ಕೆ ಬಿದ್ದ. ಕೋರ್ಟ್ ಹಾಲಿನೊಳಗೆ ನಿಂತು ಮೂಡಣ ಯಾವುದು, ಪಡುವಣ ಯಾವುದು ಅಂತ ಸುತ್ತ ನೋಡಿದ. ತಪ್ಪು ಹೆಸರು ಹೇಳಿದ. ನಾಲ್ಕೂ ದಿಕ್ಕು ಕೇಳಿದರು, ಮೂರು ತಪ್ಪಾಯಿತು. ಚಕ್ಕುಬಂದಿಯೇ ಗೊತ್ತಿಲ್ಲದವನು ಸಾಗುವಳಿ ಹೆಂಗ ಮಾಡ್ತಾನ ಅಂತ ಅವರ ವಾದ. ನಾನು ಎದ್ದು ನಿಂತು ಮರು ವಿಚಾರಣೆಗೆ, ಅಂದರೆ ನಮ್ಮ ಸಾಕ್ಷಿಯನ್ನು ನಾನೇ ಮತ್ತೆ ಪ್ರಶ್ನೆ ಕೇಳಲು, ಅವಕಾಶ ಕೇಳಿದೆ. ಒಂದೇ ಪ್ರಶ್ನೆ: ‘ಯಜಮಾನ್ರ, ನಿಮ್ಮ ಬಾವಿಗೆ ಬೆನ್ನು ಕೊಟ್ಟು ಬನ್ನಿಗಿಡದ ಕಡೆ ಮುಖ ಮಾಡಿ ನಿಂತರ ಎಡಕ್ಕ ಯಾರದು, ಬಲಕ್ಕ ಯಾರದು?’ ಅಜ್ಜ ಕಣ್ಣು ಮುಚ್ಚಿಕೊಂಡ. ಎಡಕ್ಕ, ಬಲಕ್ಕ, ಹಿಂದಕ್ಕ, ಮುಂದಕ್ಕ ಪಟಪಟ ಹೇಳಿದ. ಎಲ್ಲಿ ಬದುವಿನ ಮ್ಯಾಲೆ ಎರಡು ಬೇವಿನ ಗಿಡ ಅದಾವ ಅಂತಲೂ ಹೇಳಿದ. ಸಾಹೇಬರು ಪೂರ್ತಿ ಬರೆಸಿಕೊಂಡರು. ಕಮಿಷನರ್ ನಕ್ಷೆಗೆ ಅದು ಕೂಡಿಬಂತು.

ಇದು ಯಾವ ಪುಸ್ತಕದಾಗೂ ಇಲ್ಲ. ಹೊಲಕ್ಕೆ ಹೋಗಿ ಅಜ್ಜನ ಜೊತೆ ಒಂದು ತಾಸು ನಿಂತಿದ್ದಕ್ಕೆ ನನಗೆ ಗೊತ್ತಿತ್ತು.

ಹಳೇ ಫೈಲು

ಕಪ್ಪುಕೋಟು ಸರ್, ನಾನು ಇದನ್ನು ನಮ್ಮ ಜೂನಿಯರುಗಳಿಗೆ ಓದಿ ಹೇಳುತ್ತೇನೆ. ಸ್ಥಳಕ್ಕೆ ಹೋಗದೆ ಚಕ್ಕುಬಂದಿ ಬರೆಯಬಾರದು. ನನ್ನ ಮೂರನೇ ವರ್ಷದಲ್ಲಿ ಕ್ರಯಪತ್ರ ನೋಡಿ ಹಾಗೇ ಷೆಡ್ಯೂಲು (ದಾವೆಯಲ್ಲಿ ಬರೆಯುವ ಸ್ವತ್ತಿನ ವಿವರ) ಬರೆದುಕೊಟ್ಟೆ. ಉತ್ತರದ ಕಡೆಯವರು ಅಷ್ಟೊತ್ತಿಗೆ ಮಾರಿ ಬೇರೆಯವರು ಬಂದಿದ್ದರು, ಓಣಿಯೂ ಬದಲಾಗಿತ್ತು. ಡಿಕ್ರಿ ಆಯಿತು. ಅಮಲ್ಜಾರಿಗೆ, ಅಂದರೆ ಡಿಕ್ರಿ ಜಾರಿ ಮಾಡಿಸಲು ಹೋದಾಗ ಅಮೀನರು ಸ್ವತ್ತು ಗುರುತಾಗುತ್ತಿಲ್ಲ ಅಂತ ಬರೆದು ವಾಪಸ್ ಬಂದರು. ಷೆಡ್ಯೂಲು ತಿದ್ದಿಸಲು ಮತ್ತೊಂದು ವರ್ಷ ಹಿಡಿಯಿತು. ಆ ಕಕ್ಷಿದಾರರು ನನಗೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಒಬ್ಬ ಓದುಗ

ಎಲ್ಲ ಸರಿ. ಆದರೆ ಒಂದು ಪ್ರಶ್ನೆ ಬಹಳ ದಿನದಿಂದ ಇದೆ. ತಪ್ಪು ಮಾಡಿದ್ದಾನೆ ಅಂತ ಗೊತ್ತಿದ್ದೂ ಅವನ ಪರ ನಿಂತು ವಾದಿಸುತ್ತೀರಲ್ಲ, ಅದು ಹೇಗೆ? ಕೋಪಕ್ಕೆ ಕೇಳುತ್ತಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕು.

ಉಚಿತ ಕಾನೂನು ನೆರವು

ನಾನು ಕ್ರಿಮಿನಲ್ ಸೈಡು. ಕಾನೂನು ಸೇವಾ ಪ್ರಾಧಿಕಾರದ ಪಟ್ಟಿಯಲ್ಲಿದ್ದೇನೆ, ವಕೀಲರನ್ನು ಇಟ್ಟುಕೊಳ್ಳಲು ಆಗದವರ ಕೇಸು ನಮಗೆ ಬರುತ್ತದೆ. ನಿಮ್ಮ ಪ್ರಶ್ನೆಗೆ ಒಂದು ಕೇಸು ಹೇಳುತ್ತೇನೆ.

ಇಪ್ಪತ್ತೆರಡು ವರ್ಷದ ಹುಡುಗ, ಮನೆಗಳ್ಳತನದ ಆರೋಪ. ಅವನ ಬಳಿಯಿಂದ ಒಡವೆ ವಶಪಡಿಸಿಕೊಂಡೆವು ಅಂತ ಮಹಜರು. ನನಗೂ ಮೊದಲ ಸಲ ಫೈಲು ಓದಿದಾಗ ಇವನೇ ಮಾಡಿದ್ದಾನೆ ಅನ್ನಿಸಿತು. ಜೈಲಿಗೆ ಹೋಗಿ ಮಾತಾಡಿಸಿದಾಗ ಕೂಡ ಅನುಮಾನ ಪೂರ್ತಿ ಹೋಗಲಿಲ್ಲ. ಸಾಕ್ಷಿ ಕಟಕಟೆಗೆ ಬಂದ ಪಂಚರು (ಮಹಜರಿಗೆ ಸಾಕ್ಷಿಗಳಾಗಿ ಸಹಿ ಹಾಕಿದವರು) ಇಬ್ಬರೂ ಒಂದೇ ಮಾತು ಹೇಳಿದರು. ಅವರು ಆ ಮನೆಯ ಹತ್ತಿರ ಹೋಗೇ ಇಲ್ಲ. ಸ್ಟೇಷನ್ನಿಗೆ ಕರೆಸಿ, ಬರೆದಿಟ್ಟ ಕಾಗದಕ್ಕೆ ಸಹಿ ಹಾಕಿಸಿಕೊಂಡರಂತೆ. ಒಬ್ಬರು ಸ್ಟೇಷನ್ ಎದುರಿನ ಟೀ ಅಂಗಡಿಯವರು. ಬೇರೆ ಮೂರು ಕೇಸಿನಲ್ಲೂ ಅವರೇ ಪಂಚರು. ಹುಡುಗ ಬಿಡುಗಡೆ ಆದ. ಅಷ್ಟರಲ್ಲಿ 14 ತಿಂಗಳು ಒಳಗಿದ್ದ.

ಅವನು ಕದ್ದಿದ್ದನೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಆದರೆ ಆ ಸಾಕ್ಷ್ಯದ ಮೇಲೆ ಒಬ್ಬನನ್ನು ಜೈಲಿಗೆ ಹಾಕಬಹುದು ಅಂದರೆ, ನಾಳೆ ನಿಮ್ಮನ್ನೂ ಹಾಕಬಹುದು, ನನ್ನನ್ನೂ ಹಾಕಬಹುದು. ತಪ್ಪಿತಸ್ಥ ಹೌದೋ ಅಲ್ಲವೋ ಅನ್ನುವುದನ್ನು ತೀರ್ಮಾನ ಮಾಡುವುದು ನ್ಯಾಯಾಧೀಶರು. ನಾನು ಮೊದಲೇ ತೀರ್ಮಾನ ಮಾಡಿ ಕೈ ಕಟ್ಟಿ ಕೂತರೆ, ಆ ಪಂಚರನ್ನು ಯಾರು ಪ್ರಶ್ನೆ ಕೇಳುತ್ತಿದ್ದರು?

ಸಂವಿಧಾನದ 22ನೇ ವಿಧಿ ಬಂಧಿತನಿಗೆ ವಕೀಲರ ನೆರವಿನ ಹಕ್ಕು ಕೊಟ್ಟಿದೆ. ಕೆಲವು ಕಡೆ ವಕೀಲರ ಸಂಘಗಳೇ ‘ಇಂಥವನ ಪರ ಯಾರೂ ನಿಲ್ಲಬಾರದು’ ಅಂತ ನಿರ್ಣಯ ಮಾಡುತ್ತವೆ. ಅಂಥ ನಿರ್ಣಯಕ್ಕೆ ಬೆಲೆಯೇ ಇಲ್ಲ ಅಂತ ಸುಪ್ರೀಂ ಕೋರ್ಟು 2010ರಲ್ಲಿ ಮಹಮ್ಮದ್ ರಫಿ ಪ್ರಕರಣದಲ್ಲಿ ಹೇಳಿದೆ. ಒಂದು ಗೆರೆ ಮಾತ್ರ ಇದೆ. ಸುಳ್ಳು ಸಾಕ್ಷಿ ಹುಟ್ಟಿಸುವುದಿಲ್ಲ, ಸಾಕ್ಷಿಗೆ ಸುಳ್ಳು ಹೇಳಿಕೊಡುವುದಿಲ್ಲ. ಅದನ್ನು ದಾಟಿದವರು ವಕೀಲರಲ್ಲ.

ಒಬ್ಬ ಓದುಗ

ಟೀ ಅಂಗಡಿಯವರ ವಿಷಯ ತಲೆಯಿಂದ ಹೋಗುತ್ತಿಲ್ಲ. ಧನ್ಯವಾದ ಸರ್.

ನಿವೃತ್ತ ಶಿರಸ್ತೇದಾರ

ನಾನು 34 ವರ್ಷ ಕೋರ್ಟು ಆಫೀಸಿನಲ್ಲಿದ್ದವನು. ನಮ್ಮ ಕಡೆಯದನ್ನೂ ಸ್ವಲ್ಪ ಕೇಳಿ.

ಬೆಳಿಗ್ಗೆ 11ಕ್ಕೆ ಸಾಹೇಬರು ಪೀಠಕ್ಕೆ ಬರುವ ಹೊತ್ತಿಗೆ ಬೆಂಚ್ ಕ್ಲರ್ಕ್ ಮುಂದೆ 80, 100 ಕಟ್ಟು ಇರುತ್ತದೆ. ಎಲ್ಲವನ್ನೂ ಕೂಗಬೇಕು. ಜವಾನ ಬಾಗಿಲ ಹತ್ತಿರ ನಿಂತು ಮೂರು ಸಲ ಹೆಸರು ಕೂಗುತ್ತಾನೆ. ಅದಕ್ಕೇ ಒಂದು ಗಂಟೆಗೂ ಜಾಸ್ತಿ ಹೋಗುತ್ತದೆ. ಆಮೇಲೆ ಸಾಕ್ಷಿ, ವಾದ. ಸಂಜೆ ಸಾಹೇಬರು ಎದ್ದ ಮೇಲೆ ನಮ್ಮ ಕೆಲಸ ಶುರು. 10 ಲಕ್ಷ ಜನಕ್ಕೆ 50 ನ್ಯಾಯಾಧೀಶರಾದರೂ ಬೇಕು ಅಂತ ಸುಪ್ರೀಂ ಕೋರ್ಟು 2002ರಲ್ಲೇ ಹೇಳಿತು. ಇವತ್ತಿಗೂ ಅದರ ಅರ್ಧಕ್ಕೆ ಮುಟ್ಟಿಲ್ಲ. ದೇಶದ ಜಿಲ್ಲಾ ಮಟ್ಟದ ಕೋರ್ಟುಗಳಲ್ಲಿ 4 ಕೋಟಿಗೂ ಜಾಸ್ತಿ ಕೇಸು ಬಾಕಿ ಇದೆ. ಯಾರೋ ಒಬ್ಬರು ಸೋಮಾರಿಗಳಾಗಿ ಇಷ್ಟಾದದ್ದಲ್ಲ.

ಆದರೂ ಕೈಯಲ್ಲಿರುವುದನ್ನು ಸರಿಮಾಡಿಕೊಳ್ಳಬಹುದು. ನಾನು ಕಂಡ ಹಾಗೆ ಒಂದು ದಾವೆಯ ಮೊದಲ ವರ್ಷ ಬರೀ ಸಮನ್ಸ್ ಜಾರಿಗೇ ಹೋಗುತ್ತದೆ. ವಿಳಾಸದಲ್ಲಿ ‘ರಾಮಣ್ಣನ ಮಗ, ಅದೇ ಗ್ರಾಮ’ ಅಂತ ಬರೆದಿರುತ್ತಾರೆ. ಊರಿಗೆ ಹೋದ ಅಮೀನನಿಗೆ ಐದು ಜನ ರಾಮಣ್ಣಂದಿರು ಸಿಗುತ್ತಾರೆ. ಪ್ರೊಸೆಸ್ ಫೀಸು ಕಟ್ಟದೆ ಸಮನ್ಸ್ ಹೊರಡುವುದೇ ಇಲ್ಲ, ಅದನ್ನು ಎಷ್ಟೋ ಜನ ಕಟ್ಟಿರುವುದಿಲ್ಲ. ವಾದಿಯೇ ಅಮೀನರ ಜೊತೆ ಹೋಗಿ ಮನೆ ತೋರಿಸಿದರೆ ಆರು ತಿಂಗಳು ಉಳಿಯುತ್ತದೆ.

ಆ ತಾಯಿಯ ನೋಟ್‌ಬುಕ್ಕಿನ ಬಗ್ಗೆ ಓದಿ ನನ್ನ ಹೆಂಡತಿಗೂ ಹೇಳಿದೆ. ನಾವು ಆರ್ಡರ್ ಶೀಟಿನಲ್ಲಿ ‘ಸಮಯ ಕೋರಲಾಗಿದೆ, ಅವಕಾಶ ನೀಡಲಾಗಿದೆ’ ಅಂತ ಬರೆಯುತ್ತಿದ್ದೆವು. ಅವರು ಅದನ್ನೇ ತಮ್ಮ ಕಡೆಯಿಂದ ಬರೆದಿದ್ದಾರೆ.

ಮೂರನೇ ವರ್ಷ

ಇಲ್ಲಿ ಕೇಳಬಹುದೋ ಇಲ್ಲವೋ, ಆದರೂ ಕೇಳುತ್ತೇನೆ. ಮನೆಯಲ್ಲಿ ಕೋರ್ಟಿಗೆ ಹೋಗುವುದು ಬೇಡ, ಕಂಪನಿ ಕೆಲಸ ನೋಡು ಅಂತಿದ್ದಾರೆ. ಜೂನಿಯರ್ ಆಗಿ ಸೇರಿದರೆ ಮೊದಲೆರಡು ವರ್ಷ ಬಸ್ಸಿನ ಖರ್ಚಿಗೂ ಆಗಲ್ಲ ಅಂತ ಸೀನಿಯರ್ ಅಕ್ಕಂದಿರು ಹೇಳುತ್ತಾರೆ. ನಿಜವಾ?

ಹಳೇ ಫೈಲು

ನಿಜ ಪುಟ್ಟಾ. ಎಷ್ಟೋ ಆಫೀಸುಗಳಲ್ಲಿ ಇವತ್ತಿಗೂ ನಿಜ. ನಗರದಲ್ಲಿ ಜೂನಿಯರಿಗೆ ತಿಂಗಳಿಗೆ 20,000, ಹಳ್ಳಿ ಕಡೆ 15,000 ರೂಪಾಯಿಯಾದರೂ ಕೊಡಿ ಅಂತ ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಸುತ್ತೋಲೆ ಕಳಿಸಿತು. ಅದು ಶಿಫಾರಸು, ಕಡ್ಡಾಯ ಅಲ್ಲ. ನಾನು ಕೊಡುತ್ತೇನೆ. ಕೊಡದವರ ಹತ್ತಿರ ಸೇರಬೇಡ. ದುಡ್ಡಿದ್ದ ಮನೆಯ ಮಕ್ಕಳು ಮಾತ್ರ ಕೋರ್ಟಿನಲ್ಲಿ ಉಳಿಯುವ ಹಾಗಾದರೆ, ಆ ನೋಟ್‌ಬುಕ್ಕು ಬರೆದವರ ಕಷ್ಟ ಅರ್ಥ ಆಗುವವರು ಯಾರು ಉಳಿಯುತ್ತಾರೆ ಹೇಳು.

ಸೇರುವ ಮುಂಚೆ ಒಂದು ವಾರ ಆ ಸೀನಿಯರ್ ಆಫೀಸಿನಲ್ಲಿ ಸುಮ್ನೆ ಕೂತು ನೋಡು. ಕಕ್ಷಿದಾರರು ಮಾತಾಡುವಾಗ ಅವರು ಫೋನ್ ಕೆಳಗಿಡುತ್ತಾರಾ ಅಂತ ನೋಡು. ಅಷ್ಟು ಸಾಕು.

ದೋಹಾದಿಂದ

ನಮಸ್ಕಾರ ಅಕ್ಕ. ನಾನು ಹೊರಗೆ ಬಂದು 11 ವರ್ಷ. ಊರಲ್ಲಿ ಅಪ್ಪನ ಜಮೀನು ಇದೆ, ಅಪ್ಪ ಇಲ್ಲ. ಅಣ್ಣ ಹಕ್ಕುಬಿಡುಗಡೆ ಪತ್ರದ ಕರಡು ವಾಟ್ಸ್ಆ್ಯಪಲ್ಲಿ ಕಳಿಸಿ, ಎಂಬೆಸಿಗೆ ಹೋಗಿ ಪವರ್ ಆಫ್ ಅಟಾರ್ನಿ ಮಾಡಿಸಿ ಕಳಿಸು, ಉಳಿದದ್ದು ನಾನು ನೋಡ್ಕೋತೀನಿ ಅಂತಿದ್ದಾನೆ. ತಂಗಿಗೆ ಇಷ್ಟ ಇಲ್ಲ, ಕೇಸು ಹಾಕೋಣ ಅಂತಾಳೆ. ಅಣ್ಣ ಕೆಟ್ಟವನಲ್ಲ. ಅಮ್ಮನನ್ನು ನೋಡಿಕೊಳ್ಳುತ್ತಿರುವವನು ಅವನೇ. ಏನು ಮಾಡಲಿ?

ಹಳೇ ಫೈಲು

ಸಹಿ ಹಾಕಬೇಡಿ, ಕೇಸನ್ನೂ ಹಾಕಬೇಡಿ. ಎರಡಕ್ಕೂ ಆತುರ ಇಲ್ಲ.

ಹಕ್ಕುಬಿಡುಗಡೆ ನೋಂದಣಿ ಆದ ಮೇಲೆ ಅದನ್ನು ರದ್ದು ಮಾಡಿಸುವುದು ಬಹಳ ಕಷ್ಟ. ಮೋಸ ಆಗಿದೆ ಅಂತ ಸಾಬೀತು ಮಾಡಬೇಕು, ಅದಕ್ಕೂ ಮೂರು ವರ್ಷದ ಗಡುವು. ಪವರ್ ಆಫ್ ಅಟಾರ್ನಿ ಕೊಡಲೇಬೇಕಾದರೆ ಯಾವ ಕೆಲಸಕ್ಕೆ, ಯಾವ ಸರ್ವೆ ನಂಬರಿಗೆ ಅಂತ ಬಿಡಿಸಿ ಬರೆಯಿರಿ. ‘ಎಲ್ಲ ಅಧಿಕಾರ’ ಅಂತ ಬರೆದುಕೊಡಬೇಡಿ. ಅಲ್ಲಿಂದ ಬಂದ ಪತ್ರಕ್ಕೆ ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಸ್ಟಾಂಪ್ ಶುಲ್ಕ ಕಟ್ಟಬೇಕು. ಎಷ್ಟೋ ಜನ ಇದನ್ನು ಮರೆಯುತ್ತಾರೆ.

ಇನ್ನು ಅಣ್ಣನ ವಿಷಯ. ಅಮ್ಮನನ್ನು ನೋಡಿಕೊಂಡದ್ದಕ್ಕೆ ಅವರಿಗೆ ಸ್ವಲ್ಪ ಜಾಸ್ತಿ ಸಿಗಬೇಕು ಅಂತ ನಿಮಗೂ ಅನ್ನಿಸುತ್ತಿದೆ ಅಲ್ವಾ? ಅದನ್ನು ಅವರ ಮುಂದೆ ಬಾಯಿಬಿಟ್ಟು ಹೇಳಿ. ತಂಗಿಯ ಪಾಲು ಎಷ್ಟು ಅಂತ ಮೂವರೂ ಕೂತು ಮಾತಾಡಿ. ಅಮ್ಮನಿಗೂ ಪಾಲಿದೆ, ಅದನ್ನು ಯಾರೂ ಮರೆಯಬಾರದು. ಮುಖ ನೋಡಿ ಮಾತಾಡಲು ಆಗಲ್ಲ ಅಂದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. ದಾವೆ ಹಾಕುವ ಮೊದಲೇ ಲೋಕ ಅದಾಲತ್ತಿಗೆ ತೆಗೆದುಕೊಳ್ಳುತ್ತಾರೆ. ಅಲ್ಲಿ ಆದ ರಾಜಿಗೆ ಡಿಕ್ರಿಯಷ್ಟೇ ಬಲ, ಅದರ ಮೇಲೆ ಅಪೀಲು ಇಲ್ಲ. ರಜಕ್ಕೆ ಬಂದಾಗ ಒಂದು ವಾರ ಜಾಸ್ತಿ ಇಟ್ಟುಕೊಳ್ಳಿ.

ನಾನು ಪಾಲಿನ ದಾವೆಯಲ್ಲೇ ಬದುಕು ಕಟ್ಟಿಕೊಂಡವಳು, ಅದಕ್ಕೇ ಹೇಳುತ್ತಿದ್ದೇನೆ. ನನ್ನ ಫೈಲಿನ ಆ ಅಕ್ಕತಂಗಿ 21 ವರ್ಷದಲ್ಲಿ ಅಣ್ಣಂದಿರ ಮನೆಯ ಒಂದು ಮದುವೆಗೂ ಹೋಗಲಿಲ್ಲ. ದೊಡ್ಡಣ್ಣ ಸತ್ತಾಗಲೂ ಬೀದಿಯಲ್ಲೇ ನಿಂತಿದ್ದರು.

ದೋಹಾದಿಂದ

ಅಣ್ಣನಿಗೆ ರಾತ್ರಿ ಫೋನ್ ಮಾಡುತ್ತೇನೆ ಅಕ್ಕ.

ಧಾರವಾಡ ಕಪ್ಪುಕೋಟು

ಭಾಷೆ ಬಗ್ಗೆ ಒಂದು ಮಾತು. ಆ ತಾಯಿಗೆ ಹೈಕೋರ್ಟಿನ ತೀರ್ಪು ಓದಲಿಕ್ಕೆ ಆಯಿತೇನು ಮೇಡಂ? ಕೆಳಗಿನ ಕೋರ್ಟಿನಲ್ಲಿ ಕನ್ನಡದಲ್ಲೇ ತೀರ್ಪು ಬರೆಯಬಹುದು, ಬರೆಯುವ ನ್ಯಾಯಾಧೀಶರೂ ಇದ್ದಾರೆ. ಹೈಕೋರ್ಟಿಗೆ ಸಂವಿಧಾನದ 348ನೇ ವಿಧಿ ಇಂಗ್ಲಿಷ್ ಅಂತ ಹೇಳುತ್ತದೆ. ರಾಷ್ಟ್ರಪತಿಗಳ ಒಪ್ಪಿಗೆ ಪಡೆದು ಬದಲಾಯಿಸಲು ದಾರಿ ಇದೆ. ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರಕ್ಕೆ ಹಿಂದಿಗೆ ಆ ಅನುಮತಿ ಸಿಕ್ಕಿದೆ. ನಮಗಿಲ್ಲ. ಧಾರವಾಡ, ಕಲಬುರಗಿಗೆ 2008ರಲ್ಲಿ ಹೈಕೋರ್ಟ್ ಪೀಠ ಬಂದಾಗ ನಮ್ಮ ರೈತರಿಗೆ ಬೆಂಗಳೂರಿನ ದಾರಿ ತಪ್ಪಿತು. ಕೋರ್ಟು ಹತ್ತಿರ ಬಂತು. ಭಾಷೆ ಇನ್ನೂ ದೂರ ಐತಿ.

ಹಳೇ ಫೈಲು

ಓದಲು ಆಗಲಿಲ್ಲ ಸರ್. ನಾನು ಒಂದು ಭಾನುವಾರ ಅವರ ಮನೆ ಜಗಲಿಯಲ್ಲಿ ಕೂತು ಒಂದೊಂದೇ ಪ್ಯಾರಾ ಕನ್ನಡದಲ್ಲಿ ಹೇಳಿದೆ. ಮೊಮ್ಮಗಳು ಬರೆದುಕೊಂಡಳು. ‘ಹುಟ್ಟಿನಿಂದಲೇ ಹಕ್ಕು’ ಅನ್ನುವ ಮಾತು ಬಂದಾಗ ತಂಗಿ ಎರಡು ಸಲ ಹೇಳಿಸಿಕೊಂಡರು. ಆಮೇಲೆ ಕೇಳಿದರು, ‘ಹಂಗಾದ್ರೆ ನಮ್ಮಕ್ಕನಿಗೂ ಇತ್ತಾ, ಅವಳು ಬದುಕಿದ್ದಾಗ್ಲೂ ಇತ್ತಾ?’ ಇತ್ತಮ್ಮ ಅಂದೆ.

ಕಬ್ಬಿನಗದ್ದೆ

ಮೇಡಂ, ಆಪಲ್ಲಿ ನೋಡಿದೆ. ಕೈ ನಡುಗುತ್ತಿದೆ. ಕೇಸು ‘ವಿಲೇವಾರಿ ಆಗಿದೆ’ ಅಂತ ಬರುತ್ತಿದೆ. ಐದು ತಿಂಗಳ ಹಿಂದೆಯೇ. ಕಾರಣದ ಜಾಗದಲ್ಲಿ ವಾದಿ ಗೈರುಹಾಜರಿ, ವಜಾ ಅಂತ ಇದೆ. ಅಪ್ಪನಿಗೆ ಇನ್ನೂ ಹೇಳಿಲ್ಲ. ಎಲ್ಲ ಮುಗಿಯಿತಾ?

ಹಳೇ ಫೈಲು

ಮುಗಿದಿಲ್ಲ. ಗಾಬರಿ ಆಗಬೇಡಿ, ಆದರೆ ಒಂದು ದಿನವೂ ತಡ ಮಾಡಬೇಡಿ.

ಪ್ರತಿವಾದಿ ಹಾಜರಿದ್ದು ವಾದಿ ಬರದೆ ವಜಾ ಆದರೆ ಅದೇ ಕಾರಣಕ್ಕೆ ಹೊಸ ದಾವೆ ಹಾಕಲು ಬರುವುದಿಲ್ಲ. ಹಳೆಯದನ್ನೇ ಮತ್ತೆ ಫೈಲಿಗೆ ತರಬೇಕು. 9ನೇ ಆದೇಶ, 9ನೇ ನಿಯಮದ ಕೆಳಗೆ ಅರ್ಜಿ. ಅದಕ್ಕೆ ವಜಾ ಆದ ದಿನದಿಂದ 30 ದಿನ ಗಡುವು. ನಿಮಗೆ ಅದು ಮೀರಿದೆ. ಹಾಗಾಗಿ ತಡವನ್ನು ಮನ್ನಿಸಿ ಅಂತ ಕಾಲಮಿತಿ ಕಾಯ್ದೆಯ 5ನೇ ಕಲಮಿನಲ್ಲಿ ಇನ್ನೊಂದು ಅರ್ಜಿ ಜೊತೆಗೆ ಹೋಗಬೇಕು. ವಕೀಲರ ತಪ್ಪಿಗೆ ಏನೂ ಅರಿಯದ ಕಕ್ಷಿದಾರ ಅನುಭವಿಸಬಾರದು ಅಂತ 1981ರಲ್ಲಿ ರಫೀಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೆ ಎಲ್ಲವನ್ನೂ ವಕೀಲರ ಮೇಲೆ ಹಾಕಿದರೆ ಕೋರ್ಟು ಸುಮ್ಮನೆ ಒಪ್ಪುವುದಿಲ್ಲ, ನೀವು ಏನು ವಿಚಾರಿಸಿದಿರಿ ಅಂತ ಕೇಳುತ್ತದೆ. ಒಂದು ವರ್ಷದಿಂದ ಫೋನ್ ಮಾಡಿದ್ದೀರಲ್ಲ, ಆ ಕರೆಗಳ ವಿವರ, ಮೆಸೇಜುಗಳನ್ನು ತೆಗೆದಿಡಿ. ಅಪ್ಪನ ಮಂಡಿ ನೋವಿನ ಚೀಟಿ, ಎಕ್ಸ್‌ರೇ ಎಲ್ಲ ಹುಡುಕಿ. ಮೊದಲು ಕೋರ್ಟಿಗೆ ಹೋಗಿ ವಜಾ ಆದೇಶದ ಮತ್ತು ಆರ್ಡರ್ ಶೀಟಿನ ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿ. ಹೊಸ ವಕೀಲರು ಬೇಕಾದರೆ ಸಿಕ್ಕುತ್ತಾರೆ. ಫೀಸಿನ ಕಷ್ಟ ಇದ್ದರೆ ಅದೇ ಆವರಣದಲ್ಲಿ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ.

ಅಪ್ಪನಿಗೆ ಇವತ್ತೇ ಹೇಳಿ. ಜಮೀನು ಅವರದು, ಅರ್ಜಿಗೆ ಪ್ರಮಾಣಪತ್ರ ಮಾಡಬೇಕಾದವರೂ ಅವರೇ.

ನಿವೃತ್ತ ಶಿರಸ್ತೇದಾರ

ಕಾಪಿ ಸೆಕ್ಷನ್ನಿಗೆ ಬೆಳಿಗ್ಗೆಯೇ ಹೋಗಿ. ದಾವೆ ನಂಬರು, ವರ್ಷ, ವಜಾ ಆದ ತಾರೀಕು ಮೂರನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ‘ತುರ್ತು’ ಅಂತ ಅರ್ಜಿಯಲ್ಲೇ ಬರೆಯಿರಿ. ತಂದೆಯವರನ್ನು ಕರೆತಂದರೆ ಕೂರಲು ಜಾಗ ಕೇಳಿ, ಯಾರೂ ಇಲ್ಲ ಅನ್ನುವುದಿಲ್ಲ.

ಕಬ್ಬಿನಗದ್ದೆ

ಅಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ‘ಪಂಚೆ ಒಗೆಸಿಡಲು ಹೇಳು’ ಅಂದರು. ನಾನು ರಾತ್ರಿ ಬಸ್ಸಿಗೆ ಊರಿಗೆ ಹೊರಟಿದ್ದೇನೆ. ನಾಳೆ ಆರೂವರೆ ಗಾಡಿಗೆ ಇಬ್ಬರೂ ಕೋರ್ಟಿಗೆ ಹೋಗುತ್ತೇವೆ. ಬಸ್‌ಸ್ಟ್ಯಾಂಡಿನಲ್ಲಿ ಒಂದು ನೋಟ್‌ಬುಕ್ಕು ತಗೊಂಡೆ ಮೇಡಂ.